ಕುದುರಿ ಬಲ್ಲವನಿಗೆ ಹೆಣ್ಣು ಕೊಡ್ರಿ

ನಂಬಬ್ಯಾಡ್ರಿ. ನಂಬಿದಂಗ ಮುಖ ಮಾಡಿಕೊಂಡು ಕೂಡುವವರನ್ನು ಕಂಡರೆ ನನಗೆ ಆಗೂದೂ ಇಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕು ಜರಡಿ ಹಿಡಿದು ನೋಡ್ರಿ. ರೇಸಿನ ಪುಸ್ತಕ ಕೈಗೆ ಕೊಟ್ಟರೆ ಯಾವ ಕುದುರೆ ಯಾವ ವರ್ಗದ್ದು, ಹಿಂದಿನ ಓಟದಲ್ಲಿ ಎಷ್ಟನೆಯದಾಗಿ ಬಂತು, ಈ ಸಲ ಬೆನ್ನ ಮೇಲೆ ಎಷ್ಟು ಭಾರ ಹಾಕ್ಯಾರ, ಯಾಕೆ ಅಷ್ಟೇ ಹಾಕ್ಯಾರ, ಇಷ್ಟೂ ತಡವರಿಸದೆ ಹೇಳುವ ಗಂಡಸು ನನ್ನ ಬಿಟ್ಟರೆ ಇನ್ನೊಬ್ಬ ಇಲ್ಲ. ಇದ್ದಾನ ಅನ್ನುವವರು ಅವನನ್ನು ಜೇವರ್ಗಿ ಬಸ್‌ಸ್ಟ್ಯಾಂಡಿಗೆ ಕರಕೊಂಡು ಬರಲಿ, ಚಾ ನಾನೇ ಕುಡಿಸ್ತೇನಿ. ಚಾ ಏನು, ಊಟಾನೂ ಹಾಕಿಸ್ತೇನಿ. ಈ ವಿಷಯ ಎದುರು ಬದುರು ಕೂತು ಮಾತಾಡಲು ಊರಿಗೆ ಬಂದಾಗಿನಿಂದ ನನಗೆ ಒಬ್ಬನೂ ಸಿಕ್ಕಿಲ್ಲ.

ಇಜೇರಿ ಕಡೆಯ ಹಳ್ಳಿಯವ ನಾನು. ಹೈದರಾಬಾದಿನ ಒಂದು ರೇಸ್ ಲಾಯದಲ್ಲಿ ಸೈಸ್ ಆಗಿದ್ದೆ. ಸೈಸ್ ಅಂದರೆ ಕುದುರೆಗೆ ಮೇವು ಹಾಕಿ, ಮೈ ತಿಕ್ಕಿ, ಓಟದ ದಿನ ಲಗಾಮು ಹಿಡಿದು ಮೈದಾನದ ತನಕ ನಡೆಸಿಕೊಂಡು ಹೋಗುವವ. ಆ ಲಾಯ ಮುಚ್ಚಿದ ಮೇಲೆ ಜೇವರ್ಗಿಗೆ ಬಂದು ಒಬ್ಬ ಚಾಚಾನ ಹತ್ತಿರ ಸೇರಿಕೊಂಡೆ. ಚಾಚಾನದು ಮದುವೆಗೆ ಬ್ಯಾಂಡು, ಕುದುರೆ ಕೊಡುವ ಧಂದೆ. ಮದುಮಗನನ್ನು ಕುದುರೆ ಮೇಲೆ ಕೂರಿಸಿ ಮಂಟಪದ ಬಾಗಿಲಿಗೆ ಮುಟ್ಟಿಸುವುದು ನನ್ನ ಕೆಲಸ. ಮೂರು ತಾಲ್ಲೂಕಿನ ಮದುಮಕ್ಕಳನ್ನೂ ಮುಟ್ಟಿಸಿದ್ದೇನೆ, ಒಬ್ಬನನ್ನೂ ಬೀಳಿಸಿಲ್ಲ. ನಾನು ಮಾತ್ರ ಇನ್ನೂ ಲಗಾಮು ಹಿಡಿದು ಕೆಳಗೇ ನಿಂತಿದ್ದೇನೆ.

ಮುಚ್ಚಿಡುವುದು ಏನದ, ನನಗೊಂದು ಹೆಣ್ಣು ಬೇಕು. ಅಪ್ಪ ಅವ್ವ ಇಲ್ಲ. ಊರಲ್ಲಿ ಅಣ್ಣ ಇದ್ದಾನೆ. ಅವನ ಮನೆಗೆ ಹೋದರೆ ಅತ್ತಿಗೆ ಕುರ್ಚಿ ಒರೆಸಿ ಕೂರಿಸ್ತಾಳೆ, ಗಾಜಿನ ಗ್ಲಾಸಿನಲ್ಲಿ ನೀರು ಕೊಡ್ತಾಳೆ. ಅಷ್ಟು ಮರ್ಯಾದೆ ಮಾಡಿದ ಮೇಲೆ ಅದು ಸ್ವಂತ ಮನೆ ಅನ್ನಿಸುವುದು ಹೆಂಗ? ಅದಕ್ಕೆ ಹೋಗುವುದು ಬಿಟ್ಟೆ. ಇತ್ತ ಖಾನಾವಳಿಯವ ನನ್ನನ್ನು ಕಂಡ ಕೂಡಲೇ ಗೋಡೆ ಕಡೆ ಮುಖ ಮಾಡಿದ ಮೂಲೆಯ ಟೇಬಲ್ ತೋರಿಸ್ತಾನೆ. ಕುಟುಂಬದವರು ಬಂದರೆ ನಡುವಿನ ಟೇಬಲ್ ಬೇಕಲ್ಲ.

ಹೆಣ್ಣು ಹುಡುಕಲು ಹೊರಟಾಗೆಲ್ಲ ನನಗೆ ಏನಾದರೊಂದು ಆಗೇ ಆಗ್ತದೆ. ಮಂದಿ ಕೇಳಿ ನಗ್ತಾರೆ. ನಗಲಿ. ನಗುವಷ್ಟು ಹೊತ್ತಾದರೂ ಎದ್ದು ಹೋಗುವುದಿಲ್ಲ.

ಕನ್ನಡ ಬಲ್ಲ ಕುದುರೆ

ಮೊದಲನೆಯದು ಹೈದರಾಬಾದಿನದು. ಲಾಯದಲ್ಲಿ ಉಳಿದ ಸೈಸರು ತೆಲುಗಿನವರು, ರಾಜಸ್ಥಾನದವರು. ಅವರ ಭಾಷೆ ನನಗೆ ಜಗಳ ಆಡುವಷ್ಟು ಬರ್ತಿತ್ತು, ಸುಖದುಃಖ ಹೇಳಿಕೊಳ್ಳುವಷ್ಟು ಬರ್ತಿರಲಿಲ್ಲ. ಹಿಂಗಾಗಿ ನನ್ನ ಪಾಲಿಗೆ ಬಂದಿದ್ದ ಕಂದು ಬಣ್ಣದ ಹೆಣ್ಣು ಕುದುರೆಯ ಜೊತೆ ಕನ್ನಡ ಮಾತಾಡ್ತಿದ್ದೆ. ಮೈ ತಿಕ್ಕುವಾಗ ಊರಿನ ಸುದ್ದಿ, ಮೇವು ಹಾಕುವಾಗ ನನ್ನ ಸುದ್ದಿ, ನಡುನಡುವೆ ಜೇಬಿನಿಂದ ಒಂದು ಚೂರು ಬೆಲ್ಲ. ಅದು ಕಿವಿ ತಿರುಗಿಸಿ ಕೇಳ್ತಿತ್ತು. ಒಮ್ಮೊಮ್ಮೆ ನಡುವೆ ನಿದ್ದೆ ಹೋಗ್ತಿತ್ತು, ಅದು ನನ್ನ ಅಣ್ಣನೂ ಮಾಡ್ತಾನೆ.

ರೇಸಿನ ಪುಸ್ತಕದಲ್ಲಿ ಪ್ರತಿ ಕುದುರೆಯ ಹೆಸರಿನ ಪಕ್ಕ ಹಿಂದಿನ ಓಟಗಳ ಸ್ಥಾನ ಸಾಲಾಗಿ ಅಚ್ಚಾಗಿರ್ತದೆ. ಒಂದು ಅಂದರೆ ಗೆದ್ದದ್ದು, ಎರಡು ಅಂದರೆ ಎರಡನೆಯದು. ಸೊನ್ನೆ ಅಂದರೆ ಹೇಳಿಕೊಳ್ಳುವಂಥ ಸ್ಥಾನ ಅಲ್ಲ. ನನ್ನ ಕುದುರೆಯ ಹೆಸರಿನ ಪಕ್ಕ ನೋಡಿದರೆ ಮುತ್ತಿನ ಸರ ಇಟ್ಟಂಗೆ ಇತ್ತು.

ಜಾಕಿ ಬೇಸತ್ತು ಹೋಗಿದ್ದ. "ಇದಕ್ಕೆ ಏನು ಹೇಳಿದರೂ ತಿಳಿಯೂದಿಲ್ಲ" ಅಂತ ಟ್ರೈನರ್ ಹತ್ತಿರ ದೂರು. ನಾನು ಹೇಳಿದೆ, ತಿಳಿಯದೆ ಏನು, ಅದಕ್ಕೆ ಬರುವ ಭಾಷೆಯಲ್ಲಿ ಹೇಳಬೇಕು. ಅವನಿಗೆ "ನಡಿಬೇ ತಂಗಿ" ಅನ್ನುವುದನ್ನು ಬಾಯಿಪಾಠ ಮಾಡಿಸಿದೆ. ಮರುದಿನದ ತಾಲೀಮಿನಲ್ಲಿ ಅವನು ಅದನ್ನು ಅಂದದ್ದೇ ತಡ, ಕುದುರೆ ಹಾರಿಕೊಂಡು ಹೋಯಿತು. ಇಡೀ ಲಾಯ ನನ್ನನ್ನು ನೋಡಿತು. ನಾನು ಮೀಸೆ ಮೇಲೆ ಕೈ ಇಟ್ಟುಕೊಂಡು ನಿಂತೆ.

ಓಟದ ದಿನ. ಕೊನೆಯ ತಿರುವಿಗೆ ಬಂದಾಗ ನನ್ನ ಕುದುರೆಯೇ ಮುಂದೆ. ಮೈದಾನದ ಅಂಚಿನ ಕಟಾಂಜನದ ಹತ್ತಿರ ನಿಂತಿದ್ದ ನನಗೆ ಎದೆ ತಡೆಯಲಿಲ್ಲ, ಕೂಗಿಬಿಟ್ಟೆ, "ನಡಿಬೇ ತಂಗೀ". ಅದು ನನ್ನ ದನಿ ಕೇಳಿತು. ಕಿವಿ ನಿಗುರಿಸಿತು. ಓಟ ಬಿಟ್ಟು ಸೀದಾ ಕಟಾಂಜನಕ್ಕೆ ಬಂದು ನನ್ನ ಅಂಗಿ ಜೇಬಿನಲ್ಲಿ ಮೂತಿ ಹಾಕಿ ಬೆಲ್ಲ ಹುಡುಕಿತು. ಉಳಿದ ಕುದುರೆಗಳೆಲ್ಲ ನಮ್ಮ ಪಕ್ಕದಲ್ಲೇ ದಾಟಿ ಹೋದವು.

ವಿಚಾರಣೆಗೆ ಕರೆದರು. ಕುದುರೆ ಯಾಕೆ ನಿಂತಿತು ಅಂತ ರೇಸ್ ಕ್ಲಬ್ಬಿನ ಸಾಹೇಬರು ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ: "ಸಾಹೇಬ್ರ, ಇಷ್ಟು ದೊಡ್ಡ ಶಹರದಾಗ ನನ್ನ ದನಿ ಕೇಳಿ ನಿಂದ್ರೂ ಜೀವ ಇದೊಂದೇ ಅದ. ಅದಕ್ಕ ಬೈಬ್ಯಾಡ್ರಿ."

ಸಾಹೇಬರು ಫೈಲು ಮುಚ್ಚಿದರು. ಜಾಕಿ ಬಿಡಲಿಲ್ಲ. "ಮುಂದಿನ ಸಲ ಇವನನ್ನು ಗೆಲ್ಲುವ ಕಂಬದ ಹತ್ತಿರ ನಿಲ್ಲಿಸಿ" ಅಂದ. ಟ್ರೈನರ್‌ಗೂ ಅದು ಸರಿ ಅನ್ನಿಸಿತು. ಮುಂದಿನ ಓಟಕ್ಕೆ ನನ್ನನ್ನು ಕಂಬದ ಬುಡದಲ್ಲೇ ನಿಲ್ಲಿಸಿದರು. ಕುದುರೆ ಎಲ್ಲರಿಗಿಂತ ಮುಂದೆ ಬಂತು, ನನ್ನನ್ನು ಕಂಡಿತು, ಕಂಬಕ್ಕೆ ಎರಡು ಮಾರು ಇರುವಾಗಲೇ ನಿಂತು ಜೇಬಿನ ಕಡೆ ಕುತ್ತಿಗೆ ಚಾಚಿತು.

ದಲ್ಲಾಳಿ ಕಾಕಾನ ಪುಸ್ತಕ

ಲಾಯ ಮುಚ್ಚುವಾಗ ಆ ಕುದುರೆಯನ್ನು ಕೇಳುವವರು ಇರಲಿಲ್ಲ. ಚಾಚಾನಿಗೆ ಫೋನು ಮೇಲೆ ಫೋನು ಮಾಡಿ, ಮದುವೆ ಮೆರವಣಿಗೆಗೆ ಇಂಥ ಕುದುರೆ ಸಿಗೂದಿಲ್ಲ ಅಂತ ಹೊಗಳಿ, ಅವನೇ ಕೊಳ್ಳುವಂಗೆ ಮಾಡಿದೆ. ಹಿಂಗಾಗಿ ನಾನೂ ಅದೂ ಒಟ್ಟಿಗೇ ಜೇವರ್ಗಿಗೆ ಬಂದೆವು.

ಒಮ್ಮೆ ಆಳಂದದಲ್ಲಿ ಮದುವೆ. ಮೆರವಣಿಗೆಗೆ ಇನ್ನೂ ಹೊತ್ತಿತ್ತು, ಕುದುರೆಯನ್ನು ಬೇವಿನ ಗಿಡಕ್ಕೆ ಕಟ್ಟಿ ಚಾ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಕೇಳಿದ, "ರೇಸಿನಾಗ ಇದ್ದೆಂತಲ್ಲ, ಎಷ್ಟು ಕಳಕೊಂಡಿ?"

ರೇಸಿನವ ಅಂದರೆ ಜೂಜಿನವ ಅಂತಲೇ ಎಲ್ಲರ ಲೆಕ್ಕ. ನಾನು ಜನ್ಮದಲ್ಲಿ ಕುದುರೆ ಮೇಲೆ ರೊಕ್ಕ ಕಟ್ಟಿದವನಲ್ಲ. ಅದಕ್ಕೆ ಕುದುರೆ ಓಟ ಅಂದರೆ ಏನು ಅನ್ನುವುದನ್ನು ಕೂರಿಸಿ ತಿಳಿಸಿದೆ. ಪ್ರತಿ ಕುದುರೆಗೆ ಒಂದು ಅಂಕಿ ಇರ್ತದೆ. ಗೆದ್ದರೆ ಅಂಕಿ ಏರ್ತದೆ, ಸೋಲ್ತಾ ಹೋದರೆ ಇಳೀತದೆ. ಅಂಕಿ ನೋಡಿ ವರ್ಗ. ಮೇಲಿನ ವರ್ಗದ್ದು ಮೇಲಿನವರ ಜೊತೆ ಓಡ್ತದೆ, ಕೆಳಗಿನದು ಕೆಳಗಿನವರ ಜೊತೆ. ಒಂದೇ ವರ್ಗದೊಳಗೂ ಹೆಚ್ಚುಕಮ್ಮಿ ಇರ್ತದಲ್ಲ, ಅದಕ್ಕೆ ಅಂಕಿ ಹೆಚ್ಚಿದ್ದ ಕುದುರೆಯ ಜೀನಿಗೆ ಸೀಸದ ತುಂಡು ಸೇರಿಸಿ ಭಾರ ಹೆಚ್ಚು ಮಾಡ್ತಾರೆ, ಕಮ್ಮಿ ಇದ್ದದ್ದಕ್ಕೆ ಕಮ್ಮಿ ಭಾರ. ಎಲ್ಲ ಕುದುರೆಗಳಿಗೂ ಗೆಲ್ಲುವ ಅವಕಾಶ ಸಮ ಆಗಲಿ ಅಂತ.

ಮೂಲೆಯಲ್ಲಿ ಕೂತಿದ್ದ ಒಬ್ಬ ದಪ್ಪ ಮನುಷ್ಯ ಚಾದ ಬಸಿ ಕೆಳಗಿಟ್ಟು ಕೇಳಿದ, "ಅಂದ್ರ ಚಲೋ ಓಡಿದಾಂವಗೇ ಭಾರ ಹೇರತಾರ?"

"ಹೌದ್ರಿ."

"ಸುಮ್ನ ಕುಂತಾಂವ ಹಗುರ ಇರ್ತಾನ?"

"ಹೌದ್ರಿ."

"ಇದರಾಗೇನು ತಿಳಕೊಳ್ಳೂದದ? ನಾ ನಮ್ಮನ್ಯಾಗ ಹಿರೇಮಗ" ಅಂತ ಎದ್ದು ಹೋದ.

ಅಲ್ಲಿದ್ದವರಲ್ಲಿ ಕೊನೆಯ ತನಕ ಕೇಳಿದವ ಒಬ್ಬನೇ. ಬೀಗತನ ಕೂಡಿಸುವ ದಲ್ಲಾಳಿ ಕಾಕಾ. ಅವನ ಚೀಲದಲ್ಲಿ ಮೂರು ತಾಲ್ಲೂಕಿನ ವರಗಳ ಫೋಟೊ ಇದ್ದವು. "ತಮ್ಮಾ, ಹಿಂದಿನ ಓಟ ಎಲ್ಲಾ ಹೆಸರಿನ ಬಾಜೂಕ ಬರೀತಾರ ಅಂದೆಲ್ಲ, ನನ್ನ ವರಗಳಿಗೂ ಹಂಗ ಬರದು ಕೊಡ್ತೀ ಏನು? ಹೆಣ್ಣಿನವರಿಗಿ ಓದಾಕ ಸಸಾರ ಆಗ್ತದ."

"ನನಗೂ ಒಂದು ಹೆಣ್ಣು ನೋಡ್ತೀ ಏನು ಕಾಕಾ?"

"ನೋಡೋಣಂತ. ಮೊದಲ ಬರಿ."

ಅವನು ಹೇಳಿದ, ನಾನು ಬರೆದೆ. ಒಬ್ಬ ವರ ಮೊದಲ ಸಲ ಹುಡುಗಿ ನೋಡಲು ಹೋದಾಗ ಕುಡಿದಿದ್ದ: ಸೊನ್ನೆ. ಎರಡನೆಯ ಸಲ ನಿಶ್ಚಯದ ತನಕ ಹೋಗಿ ಬೈಕ್ ಕೇಳಿದ: ನಾಲ್ಕನೆಯ ಸ್ಥಾನ. ಇನ್ನೊಬ್ಬ ನೌಕರಿ ಅದ ಅಂದಿದ್ದ, ನೌಕರಿ ಅವನ ಕಾಕಾನ ಮಗನದು: ಅಂಕಿ ಇಳಿಸಿ ಕೆಳಗಿನ ವರ್ಗಕ್ಕೆ ಹಾಕಿದೆ. ಮತ್ತೊಬ್ಬನಿಗೆ ಅವ್ವ ಮಾತಾಡಲು ಬಿಡುವುದಿಲ್ಲ: ಹೆಚ್ಚಿನ ಭಾರ. ನನ್ನ ಹೆಸರೂ ಬರೆದುಕೊಂಡೆ. ಇಲ್ಲಿಯವರೆಗೆ ಯಾರೂ ಓಡಲು ಕರೆದೇ ಇಲ್ಲವಾದ್ದರಿಂದ ಮುಂದೆ ಏನೂ ಬರೆಯಲಿಲ್ಲ. ರೇಸಿನಲ್ಲೂ ಮೊದಲ ಓಟಕ್ಕೆ ಬಂದ ಕುದುರೆಯ ಹೆಸರಿನ ಪಕ್ಕ ಹಂಗೇ ಖಾಲಿ ಬಿಡ್ತಾರೆ.

ಕಾಕಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಮಡಚಿದ. ಆಚೆ ಈಚೆ ನೋಡಿ ಚೀಲದ ತಳಕ್ಕೆ ತುರುಕಿದ.

"ಬರಾಬರಿ ಬರದಿ. ಆದ್ರ ಇಷ್ಟು ಖರೇ ಹೇಳಿದ್ರ ಮೂರು ತಾಲ್ಲೂಕಿನಾಗ ಒಂದು ಮದುವೀನೂ ಆಗಂಗಿಲ್ಲ. ನಿಮ್ಮ ಚಾಚಾ ಕುದುರಿ ಮಾರಬೇಕಾಗ್ತದ."

ಎಡಗಾಲು

ಆದರೂ ಕಾಕಾ ಮಾತಿಗೆ ತಪ್ಪಲಿಲ್ಲ. ಮಾದನಹಿಪ್ಪರಗಾದಲ್ಲಿ ಒಂದು ಹೆಣ್ಣು ಅದ, ನೋಡಲು ಹೋಗೋಣ ಅಂದ. ನನ್ನ ಕಡೆಯಿಂದ ಯಾರು ಅನ್ನುವ ಪ್ರಶ್ನೆ ಬಂತು. ಅಣ್ಣನಿಗೆ ಬಿತ್ತನೆ ಇತ್ತು. ಚಾಚಾನೇ ಬಂದ. ಹೊಸ ಟೋಪಿ ಹಾಕಿಕೊಂಡು, ಅತ್ತರು ಪೂಸಿಕೊಂಡು, "ಹುಡುಗ ನಮ್ಮಾವ" ಅಂತ ಬಾಗಿಲಲ್ಲೇ ಹೇಳಿದ. ಆ ಮಾತು ಇನ್ನೊಮ್ಮೆ ಹೇಳಲಿ ಅಂತ ನಾನು ಹೊಸ್ತಿಲಲ್ಲೇ ನಿಂತೆ. ಇರಲಿ, ಅದು ಬೇರೆ ಮಾತು.

ನನ್ನದೊಂದು ಅಭ್ಯಾಸ ಅದ. ಅಭ್ಯಾಸ ಅನ್ನಬಾರದು, ವಿದ್ಯೆ ಅನ್ನಬೇಕು. ಕುದುರೆ ನನ್ನ ಕಡೆ ನಡೆದು ಬಂತು ಅಂದರೆ ನಾನು ಮುಖ ನೋಡುವುದಿಲ್ಲ. ಕಾಲು ನೋಡ್ತೇನೆ. ಯಾವ ಗೊರಸು ಮೊದಲು ಊರ್ತದೆ, ಯಾವ ಮಂಡಿ ಬಿಗಿ ಅದ, ನಾಲ್ಕು ಹೆಜ್ಜೆಯಲ್ಲಿ ಹೇಳಿಬಿಡ್ತೇನೆ. ಒಳ್ಳೊಳ್ಳೆ ಡಾಕ್ಟರರು ನನ್ನ ಬಾಯಿ ನೋಡ್ತಾ ನಿಂತದ್ದುಂಟು.

ಹುಡುಗಿ ಮಂಡಕ್ಕಿ ಸೂಸಲಾದ ತಾಟು ಹಿಡಿದು ಒಳಗಿನಿಂದ ಬಂದಳು. ನನ್ನ ಕಣ್ಣು ತಾನಾಗಿ ಕೆಳಗೆ ಹೋಯಿತು. ಅವಳು ತಾಟು ಇಟ್ಟಳು, ಒಂದು ಗಳಿಗೆ ನಿಂತಳು, ಒಳಗೆ ಹೋದಳು. ನಾನು ತಲೆ ಎತ್ತಲಿಲ್ಲ.

ಇಡೀ ಪಡಸಾಲೆಗೆ ಖುಷಿ. ಹುಡುಗಿಯ ಅಪ್ಪ ಕಾಕಾನ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು, "ಈಗಿನ ಕಾಲದಾಗ ಇಂಥಾ ಸಂಭಾವಿತ ಹುಡುಗ ಎಲ್ಲಿ ಸಿಗತಾನ್ರಿ? ಮುಖ ಎತ್ತಿ ಸುದ್ದಾ ನೋಡ್ಲಿಲ್ಲ."

ಚಾಚಾ ಹೆಮ್ಮೆಯಿಂದ ಟೋಪಿ ಸರಿ ಮಾಡಿಕೊಂಡ. ನನ್ನ ಎದೆಯಲ್ಲಿ ಬ್ಯಾಂಡು ಶುರುವಾಯಿತು.

"ಹುಡುಗಿ ಮನಸಿಗಿ ಬಂದಾಳೇನು ತಮ್ಮಾ?" ಅಂತ ಅಪ್ಪ ಕೇಳಿದ. ಸಂಕೋಚ ಬ್ಯಾಡ, ಅನಿಸಿದ್ದು ಹೇಳು ಅಂದ.

ನಾನು ಅನಿಸಿದ್ದೇ ಹೇಳಿದೆ. "ಎಡಗಾಲು ಒಂದು ಚೂರು ಒಳಗ ಹಾಕತಾರ್ರಿ. ಅದರಿಂದ ಏನೂ ತೊಂದ್ರಿ ಇಲ್ಲ. ದೂರದ ಓಟಕ್ಕ ಇಂಥವೇ ಬಾಳಿಕಿ ಬರ್ತಾವ."

ಚಾಚಾ ಕಣ್ಣು ಮುಚ್ಚಿಕೊಂಡ. ಸೂಸಲಾ ಬಾಯಿಗೆ ಹೋಗುವ ಮೊದಲೇ ನಾವು ಮೂವರೂ ಓಣಿಯಲ್ಲಿದ್ದೆವು. ಬಸ್ಸಿನ ಕಡೆ ನಡೆಯುತ್ತಿದ್ದೆವು. ಹಿಂದಿನಿಂದ ಯಾರೋ ಕೋಲು ಊರಿಕೊಂಡು ಬಿರಬಿರನೆ ಬರುವ ಸಪ್ಪಳ. ಹುಡುಗಿಯ ಅಜ್ಜಿ. ಹೊಡೆಯಲು ಬಂದಳು ಅಂತ ಕಾಕಾ ನನ್ನ ಹಿಂದೆ ಅಡಗಿದ.

ಅಜ್ಜಿ ಉಸಿರು ತಗೊಂಡು ಕೇಳಿದಳು, "ಯಪ್ಪಾ, ಎಡಗಾಲೇ ಅಂದೆಲ್ಲಾ?"

"ಹೌದಬೇ ಯವ್ವಾ."

"ಕೂಸು ಇದ್ದಾಗಿಂದ ಬಡಕೊಳ್ಳಾಕತ್ತೇನಿ, ನಮ್ಮನ್ಯಾಗ ಒಬ್ಬರೂ ನಂಬವಲ್ರು. ಒಂದೀಟು ಮನಿಗಿ ಬಂದು ಮತ್ತೊಮ್ಮಿ ಹೇಳಿ ಹೋಗು ಬಾ."

ಎರಡನೆಯ ಸ್ಥಾನ

ಮಾದನಹಿಪ್ಪರಗಾದ ಸುದ್ದಿ ಹಬ್ಬಿದ ಮೇಲೆ ಕಾಕಾ ಉಪಾಯ ಬದಲು ಮಾಡಿದ. "ನೀ ಬಾಯಿ ತೆಗದ್ರ ಕೆಡ್ತದ. ನೀ ಕೆಲಸ ಮಾಡೂದು ದೂರಿಂದ ತೋರಸ್ತೇನಿ" ಅಂದ. ಗಾಣಗಾಪುರದಲ್ಲಿ ಒಂದು ಮದುವೆ. ಅದಕ್ಕೆ ಬರುವ ಬೀಗರಲ್ಲಿ ಒಂದು ಹೆಣ್ಣಿನ ಮನೆಯವರಿದ್ದರು. ಮೆರವಣಿಗೆಯಲ್ಲಿ ಲಗಾಮು ಹಿಡಿದ ಹುಡುಗನನ್ನು ನೋಡಿ, ಹೇಗೆ ನಡೀತಾನ, ಹೇಗೆ ನಿಲ್ತಾನ ಅಂತ ಅವರಿಗೆ ಹೇಳಿಟ್ಟಿದ್ದ.

ನಾನು ಇಸ್ತ್ರಿ ಅಂಗಿ ಹಾಕಿಕೊಂಡಿದ್ದೆ. ಕುದುರೆಗೂ ಜರಿ ಹೊದಿಸಿದ್ದೆ. ಮದುಮಗ ಕಲಬುರಗಿ ಕಾಲೇಜಿನಲ್ಲಿ ಓದಿದವ, ಕುದುರೆ ಮೇಲೆ ಕೂತು ಸೆಲ್ಫಿ ತಗೊಳ್ತಿದ್ದ. ಕಲ್ಯಾಣ ಮಂಟಪದ ಹೊರಬಾಗಿಲಿಗೆ ಕಬ್ಬಿಣದ ಗೇಟು. ಎರಡೂ ಕಡೆ ಬಾಳೆ ಕಂಬ, ನಡುವೆ ಒಂದು ಕುದುರೆ ಹಿಡಿಯುವಷ್ಟೇ ಜಾಗ. ಗೇಟು ಮುಚ್ಚಿತ್ತು. ಹೆಣ್ಣಿನ ಕಡೆಯವರು ಆರತಿ ತರುವ ತನಕ ತೆಗೆಯುವ ಹಂಗಿಲ್ಲ ಅಂದರು. ಕುದುರೆಯನ್ನು ಆ ಸಂದಿಯಲ್ಲಿ ನಿಲ್ಲಿಸಿದೆ.

ರೇಸ್ ನೋಡಿದವರಿಗೆ ಗೊತ್ತು. ಓಟ ಶುರುವಾಗುವ ಮೊದಲು ಕುದುರೆಗಳನ್ನು ಇಂಥದೇ ಸಂದಿಯಲ್ಲಿ ನಿಲ್ಲಿಸಿ ಮುಂದೆ ಗೇಟು ಮುಚ್ಚಿರ್ತಾರೆ. ಗೇಟು ಖಣ್ ಅಂತ ತೆರೆದರೆ ಓಟ. ಇದು ನನಗೆ ಗೊತ್ತಿತ್ತು. ಕುದುರೆಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಗೇಟು ಖಣ್ ಅಂತ ತೆರೆಯಿತು.

ಲಗಾಮು ನನ್ನ ಕೈಯಿಂದ ಯಾವಾಗ ಹೋಯಿತು ಅನ್ನುವುದೇ ತಿಳಿಯಲಿಲ್ಲ. ಆರತಿ ಹಿಡಿದ ಹೆಂಗಸರು ಎರಡು ಪಾಲಾದರು. ಊಟದ ಸಾಲಿನವರು ಎಲೆ ಎತ್ತಿಕೊಂಡು ನಿಂತರು. ಮದುಮಗ ಕುದುರೆಯ ಕುತ್ತಿಗೆ ತಬ್ಬಿಕೊಂಡು "ಸ್ಟಾಪ್, ಸ್ಟಾಪ್" ಅನ್ನುತ್ತಿದ್ದ. ಪಾಪ, ಆ ಕುದುರೆಗೆ ಇಂಗ್ಲಿಷ್ ಬರ್ತಿರಲಿಲ್ಲ. ನಾನು ಹಿಂದೆ ಓಡಿದೆ, "ನಿಂದರಬೇ ತಂಗಿ" ಅಂತ ಕೂಗಿದೆ, ಬ್ಯಾಂಡಿನ ಗದ್ದಲದಲ್ಲಿ ನನ್ನ ದನಿ ಅದರ ಕಿವಿಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಮೊದಲು ಬಾರದ ಕುದುರೆ ಆವತ್ತು ಮೊದಲು ಬಂತು. ಮಂಟಪದ ಮೆಟ್ಟಿಲ ಹತ್ತಿರ ನಿಂತು, ಫೋಟೊದವರು ಎಲ್ಲಿ ಅಂತ ತಲೆ ಎತ್ತಿ ನೋಡಿತು.

ಮದುಮಗಳ ಅಪ್ಪ ನಿಧಾನಕ್ಕೆ ಬಂದು ಮದುಮಗನ ಕಡೆ ನೋಡಿ, "ಮುಹೂರ್ತಕ್ಕ ಇನ್ನಾ ಟೈಮ್ ಅದ ಅಳಿಯಂದ್ರ, ಒಂದೀಟು ತಡೀರಿ" ಅಂದ.

ನನ್ನನ್ನು ನೋಡಲು ಬಂದ ಬೀಗರು ಬಾಳೆ ಕಂಬದ ಹಿಂದೆ ನಿಂತಿದ್ದರು. ಅವರಿಗೆ ಕಾಣಿಸಿದ್ದು ನನ್ನ ಬೆನ್ನು ಒಂದೇ. ಊಟ ಮುಗಿದ ಮೇಲೆ ಕಾಕಾ ಅವರ ಅಭಿಪ್ರಾಯ ತಂದು ಮುಟ್ಟಿಸಿದ:

"ಹುಡುಗ ಓಡೂದು ಚಲೋ ಓಡ್ತಾನ. ಆದ್ರ ಎರಡನೇ ನಂಬರ್ ಬಂದಾನ, ಮೊದಲನೇ ನಂಬರ್ ಬಂದದ್ದು ಇದ್ರ ಹೇಳ್ರಿ ಅಂದ್ರು."

ತೊಗರಿ

ಇನ್ನೊಂದು ಇದೆ. ಇದನ್ನು ಹೇಳಿದಾಗ ಚಾಚಾ ನಕ್ಕು ನಕ್ಕು ಕೆಮ್ಮಿದ, ಆಮೇಲೆ ಯಾಕೋ ನನಗೆ ಎರಡನೆಯ ಚಾ ಹೇಳಿದ.

ಅಫಜಲಪುರದ ಆಚೆ, ಭೀಮಾ ದಂಡೆಯ ಒಂದು ಊರು. ಅಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕುದುರೆ ಶರ್ಯತ್ತು ಇಡ್ತಾರೆ. ಊರಲ್ಲಿ ಎರಡು ದೊಡ್ಡ ಮನೆತನ. ಒಂದು ಮನೆಯ ಬಿಳಿ ಕುದುರೆಯೇ ಪ್ರತಿ ವರ್ಷ ಗೆಲ್ತದೆ. ಇನ್ನೊಂದು ಮನೆಯ ಸಾಹುಕಾರನಿಗೆ ಅದೇ ಕೊರಗು. ಕಾಕಾ ಹೇಳಿದ, "ಆ ಸಾಹುಕಾರಗ ಒಬ್ಬಾಕಿ ಮಗಳು. ಕುದುರಿ ಅಂದ್ರ ಜೀವ ಬಿಡ್ತಾನ. ಕುದುರಿ ಬಲ್ಲ ಅಳಿಯ ಬೇಕಂತ. ಇದಕ್ಕಿಂತ ಚಲೋ ಸಿಗಂಗಿಲ್ಲ ನೋಡು ನಿನಗ."

ಹೋದೆವು. ಸಾಹುಕಾರ ಕಟ್ಟೆ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದ. ಅಂಕಿ, ವರ್ಗ, ಭಾರ, ಎಲ್ಲ ಹೇಳಿದೆ. ಅವನು ತಲೆ ತೂಗಿದ. "ಹಂಗ ಮಾಡ್ಸು ನಮ್ಮೂರಾಗೂ. ಹೆಚ್ಚಿನ ಕುದುರಿಗಿ ಹೆಚ್ಚಿನ ಭಾರ. ಓಟ ಮುಗೀಲಿ, ಆಮ್ಯಾಲ ಮನಿ ಮಾತು ಆಡೋಣು" ಅಂದ. ಮನೆ ಮಾತು ಅಂದಾಗ ಕಾಕಾ ನನ್ನ ತೊಡೆ ಚಿವುಟಿದ.

ಶರ್ಯತ್ತಿನ ದಿನ ಬೆಳಿಗ್ಗೆ ಎಲ್ಲ ಕುದುರೆಗಳನ್ನೂ ಒಂದು ಸುತ್ತು ಓಡಿಸಿ ನೋಡಿದೆ. ಬಿಳಿ ಕುದುರೆ ಎಲ್ಲಕ್ಕಿಂತ ಜೋರು. ಸಾಹುಕಾರನದು ವಯಸ್ಸಾದದ್ದು, ಎಲ್ಲಕ್ಕಿಂತ ನಿಧಾನ. ಅಂದರೆ ನ್ಯಾಯವಾಗಿ ಬಿಳಿ ಕುದುರೆಗೆ ಹೆಚ್ಚು ಭಾರ, ಸಾಹುಕಾರನ ಕುದುರೆಗೆ ಏನೂ ಇಲ್ಲ. ಹಂಗಾದರೆ ಅವನ ಕುದುರೆ ಗೆಲ್ಲುವುದು ಖಾತ್ರಿ. ನನ್ನ ನ್ಯಾಯ, ನನ್ನ ಮದುವೆ ಎರಡೂ ಒಂದೇ ಕಡೆ ಓಡುತ್ತಿದ್ದವು. ನನ್ನ ಜೀವನದಲ್ಲಿ ಹಂಗ ಆದದ್ದು ಅದೇ ಮೊದಲು.

ಭಾರಕ್ಕೆ ಸೀಸ ಎಲ್ಲಿಂದ ತರುವುದು? ಉಸುಕಿನ ಚೀಲ ಕಟ್ಟೋಣ ಅಂದೆ. ಊರವರು ಬ್ಯಾಡ ಅಂದರು. "ಹೊಳಿ ಉಸುಕು ಮುಟ್ಟಿದ್ರ ಪೊಲೀಸರು ಬರ್ತಾರ. ತೊಗರಿ ಮುಟ್ಟಿದ್ರ ಯಾರೂ ಕೇಳಂಗಿಲ್ಲ." ಕಣದಲ್ಲಿ ರಾಶಿ ಬಿದ್ದಿತ್ತು, ತಕ್ಕಡಿಯೂ ಅಲ್ಲೇ ಇತ್ತು. ಸರಿ, ತೊಗರಿ.

ಎಲ್ಲರ ಮುಂದೆ ನಿಂತು ಹೇಳಿದೆ, "ಬಿಳಿ ಕುದುರಿಗಿ ಹತ್ತು ಕಿಲೊ." ಬಿಳಿ ಕುದುರೆಯವರು ಎದೆ ಉಬ್ಬಿಸಿಕೊಂಡರು. "ಸಾಹುಕಾರ್ರ ಕುದುರಿಗಿ ಭಾರ ಇಲ್ಲ."

ಸಾಹುಕಾರ ಎದ್ದು ನಿಂತ.

"ಏನಂದಿ?"

"ನಿಮ್ಮದಕ್ಕ ಏನೂ ಇಲ್ರಿ ಸಾಹುಕಾರ್ರ. ಹಗುರ ಇದ್ರ ಗೆಲ್ತದ."

"ಅವರ ಕುದುರಿಗಿ ಹತ್ತು ಕಿಲೊ ಮರ್ಯಾದಿ, ನಮ್ಮ ಕುದುರಿಗಿ ಮುಷ್ಟಿ ತೊಗರೀನೂ ಇಲ್ಲೇನು? ಹೆಚ್ಚಿನ ಕುದುರಿಗಿ ಹೆಚ್ಚಿನ ಭಾರ ಅಂತ ನೀನೇ ಹೇಳಿದಿ. ಅಂದ್ರ ನಮ್ಮ ಮನಿತನ ಇಷ್ಟೇ ಅಂತ ಊರ ಮುಂದ ಸಾರಾಕತ್ತೀ?"

ನಾನು ಕೈ ಮುಗಿದು ತಿಳಿಸಲು ಹೋದೆ, "ಗೆಲ್ಲೂದು ನೋಡ್ರಿ ಸಾಹುಕಾರ್ರ."

"ಗೆಲ್ಲೂದು ಆಮ್ಯಾಲ. ಲೇ, ನಮ್ಮ ಕುದುರಿಗಿ ಹದಿನೈದು ಹಾಕ್ರಿ."

ಬಿಳಿ ಕುದುರೆಯವರು ಇಪ್ಪತ್ತು ಅಂದರು. ಸಾಹುಕಾರ ಮೂವತ್ತು ಅಂದ. ಅಲ್ಲಿಯ ತನಕ ಸುಮ್ಮನಿದ್ದ ಉಳಿದ ಕುದುರೆಯವರೂ "ನಾವೇನು ಕಮ್ಮಿ" ಅಂತ ಚೀಲ ತಂದರು. ತಕ್ಕಡಿಯವನಿಗೆ ಬೆವರು ಒರೆಸಲು ಪುರುಸೊತ್ತಿಲ್ಲ. ಸವಾರರು ಕೂರಲು ಜಾಗ ಇಲ್ಲದೆ ಚೀಲದ ಮೇಲೆ ಹತ್ತಿ ಕೂತರು. ನಾನು ನಡುವೆ ಓಡಾಡಿ ಒಬ್ಬೊಬ್ಬರಿಗೂ ಕೈ ಮುಗಿದೆ, ಯಾರೂ ಕೇಳಲಿಲ್ಲ.

ಮಾಳಿಗೆ ಮೇಲೆ ಹೆಂಗಸರು ನೋಡುತ್ತಿದ್ದರು. ಕೆಂಪು ಸೀರೆಯ ಹುಡುಗಿಯೊಬ್ಬಳು ಗೋಡೆಗೆ ಕೈ ಊರಿ ಬಗ್ಗಿದಳು. ಸಾಹುಕಾರನ ಮಗಳು ಅಂತ ಕಾಕಾ ಹೇಳಿದ. ಕಾಲು ಕಾಣುತ್ತಿರಲಿಲ್ಲ, ಹಿಂಗಾಗಿ ಮುಖ ನೋಡಿದೆ. ಅವಳು ನನಗೇ ಕೇಳಿದಳು:

"ಕುದುರಿ ಓಡಸಾಕ ಬಂದೀರೋ, ತೊಗರಿ ಅಡತಿ ಅಂಗಡಿಗಿ ಸಾಗಸಾಕ ಬಂದೀರೋ?"

ಎಲ್ಲ ಹೆಂಗಸರೂ ನಕ್ಕರು. ನಾನೂ ನಕ್ಕೆ. ಅವಳು ನನ್ನ ಜೊತೆ ಮಾತಾಡಿದ್ದು ಅಷ್ಟೇ. ಅಷ್ಟಾದರೂ ನೇರವಾಗಿ ನನ್ನನ್ನೇ ಕೇಳಿದ್ದು.

ಓಟ ಶುರು ಅಂತ ಟವಲು ಬೀಸಿದರು. ಓಟ ಎಲ್ಲಿಯದು? ಬಿಳಿ ಕುದುರೆ ನಾಲ್ಕು ಹೆಜ್ಜೆ ನಡೆದು ನಿಂತು ಉಸಿರು ಬಿಟ್ಟಿತು. ಇನ್ನೊಂದು ಬದುವಿನ ಹುಲ್ಲು ಮೇಯತೊಡಗಿತು. ಸವಾರರು ಇಳಿದು, ಲಗಾಮು ಹಿಡಿದು ಎಳೆದುಕೊಂಡು ಹೊರಟರು. ಅಷ್ಟರಲ್ಲಿ ಒಂದು ಗಿಡ್ಡ ತಟ್ಟು ಕುದುರೆ ಎಲ್ಲರನ್ನೂ ದಾಟಿ ಟುಕುಟುಕು ಅಂತ ಗೆರೆ ಮುಟ್ಟಿತು. ಅದು ಹಳ್ಳಿ ಹಳ್ಳಿ ತಿರುಗಿ ಬಳೆ ಮಾರುವ ಒಬ್ಬನದು. ಅವನಿಗೆ ಹೊಲ ಇಲ್ಲ, ಹೇರಲು ತೊಗರಿ ಎಲ್ಲಿಂದ ತಂದಾನು?

ಯಾರೂ ಆ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಹಿಂದೆ, ಚೀಲಗಳ ಮೇಲೆ. ಬಳೆಗಾರ ತಟ್ಟು ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಗೆದ್ದೆನೇನ್ರಿ?"

"ಗೆದ್ದಿಪಾ."

"ಮತ್ತ ಯಾರೂ ಏನೂ ಅನ್ನವಲ್ರು."

"ನಾ ನೋಡೇನಿ" ಅಂದೆ. ಜೇಬಿನಲ್ಲಿದ್ದ ಬೆಲ್ಲ ತೆಗೆದು ತಟ್ಟಿಗೆ ಕೊಟ್ಟೆ.

ಕಟ್ಟಕಡೆಗೆ ಸಾಹುಕಾರನ ಕುದುರೆ ಬಂತು. ಬೆನ್ನ ಮೇಲೆ ಒಂದು ತುಂಬಿದ ಚೀಲ, ಊರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಭಾರ. ಅವನ ಕಡೆಯವರು ಹಲಗೆ ಬಾರಿಸಿದರು, ಗುಲಾಲು ಎರಚಿದರು. ಸೋತ ಕುದುರೆಗೆ ಹಾರ. ಸಾಹುಕಾರ ಬಂದು ನನ್ನನ್ನು ತಬ್ಬಿಕೊಂಡ. "ಇಷ್ಟು ವರ್ಷದಾಗ ನಮ್ಮ ಕುದುರಿಗಿ ಇಂಥಾ ಮರ್ಯಾದಿ ಆಗಿದ್ದಿಲ್ಲ ತಮ್ಮಾ. ಎಲ್ಲಾ ನಿನ್ನಿಂದ."

ಇದೇ ಹೊತ್ತು ಅಂತ ಕಾಕಾ ಕೆಮ್ಮಿದ. "ಸಾಹುಕಾರ್ರ, ಮನಿ ಮಾತು ಅಂದಿದ್ರಿ."

ಸಾಹುಕಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹೆಗಲ ಮೇಲಿನ ಕೈ ತೆಗೆಯಲಿಲ್ಲ. "ಹೊಲ ಎಷ್ಟದ?"

"ಇಲ್ರಿ. ಅಣ್ಣಂದು."

"ಮನಿ?"

"ಬಾಡಿಗಿ ಖೋಲಿರಿ."

"ಕುದುರಿ?"

"ಚಾಚಾಂದ್ರಿ."

"ಹಿಂದ ಮುಂದ ಯಾರಿದ್ದಾರ?"

ಕಾಕಾ ನನ್ನ ಕಡೆ ನೋಡಿದ. ನಾನು ಕುದುರೆ ಕಡೆ ನೋಡಿದೆ.

"ಅಂದ್ರ ನಿನ್ನ ಮ್ಯಾಲ ಏನೂ ಭಾರ ಇಲ್ಲ" ಅಂದ ಸಾಹುಕಾರ.

ಸೋಲುವವ ನಾನಲ್ಲ. ಹೇಳಿದೆ, "ಹಗುರ ಇದ್ದಾಂವನೇ ಮುಂದ ಹೋಗ್ತಾನ್ರಿ ಸಾಹುಕಾರ್ರ. ಈಗ ನೋಡಿದ್ರೆಲ್ಲ, ಆ ತಟ್ಟು ಹೋತು."

"ಹೋತು. ಯಾರು ನೋಡಿದ್ರು ಅದನ್ನ?"



ಸಾಹುಕಾರ ಕೆಟ್ಟವನಲ್ಲ. ಎದ್ದು ನಿಂತು ಆಳುಗಳಿಗೆ ಹೇಳಿದ, "ಹುಡುಗನ್ನ ಹಂಗ ಕಳಸಬ್ಯಾಡ್ರಿ. ಊರಾಗ ಎಲ್ಲಾರಿಗಿಂತ ದೊಡ್ಡ ಭಾರ ನಮ್ಮದು, ಅದನ್ನ ಇವಗೇ ಕೊಡ್ರಿ." ಕುದುರೆ ಮೇಲಿದ್ದ ಚೀಲ ಇಳಿಸಿ ನನ್ನ ಹೆಗಲ ಮೇಲೆ ಇಟ್ಟರು. ಮಂದಿ ಚಪ್ಪಾಳೆ ತಟ್ಟಿದರು, ಹಲಗೆಯವರು ಊರ ಅಗಸಿ ಬಾಗಿಲ ತನಕ ಬಂದು ತಿರುಗಿ ಹೋದರು. ಕಾಕಾ ಬೇರೆ ಬೀಗತನದ ಮಾತಿಗೆ ಅಲ್ಲೇ ಉಳಿದ. ಬಸ್ಸಿನಲ್ಲಿ ಚೀಲವನ್ನು ಪಕ್ಕದ ಸೀಟಿನ ಮೇಲೆ ಕೂರಿಸಿದೆ. ಕಂಡಕ್ಟರ್ ಬಂದು "ಎಷ್ಟು ಮಂದಿ?" ಅಂದ. ಚೀಲ ನೋಡಿದ, ನನ್ನ ಮುಖದ ಗುಲಾಲು ನೋಡಿದ, ಏನು ತಿಳಿಕೊಂಡನೋ, "ಇಬ್ಬರು ಬರೀಲೇನ್ರಿ?" ಅಂತ ಕೇಳಿದ. ಬರಿ ಅಂದೆ. ಜೇವರ್ಗಿ ತನಕ ಜೋಡಿ ಟಿಕೆಟು ತೆಗೆಸಿದ್ದು ನಾನು ಅದೇ ಮೊದಲು.

ಹೆಣ್ಣು ಕೊಡಲಿಲ್ಲ. ನನಗೆ ಕೊಟ್ಟದ್ದು ಒಂದು ಚೀಲ ತೊಗರಿ.